ಕೋಲಿನಲ್ಲಿ ಎತ್ತಿದ ಹಾಸುಬಟ್ಟೆ

ಗುರುವಾರ, ಮಾರ್ಚ್ ಹದಿಮೂರು

ತಮ್ಮನಿಗೆ,

ಇದು ಎರಡನೆಯ ಹಾಳೆ. ಮೊದಲನೆಯದರಲ್ಲಿ, ಇಷ್ಟು ವರ್ಷಗಳ ರೂಢಿಯ ಬಲದಿಂದ, ‘ಪ್ರೀತಿಯ’ ಎಂದು ಬರೆದುಬಿಟ್ಟಿದ್ದೆ. ಓದಿ ನೋಡಿದಾಗ ಸುಳ್ಳೆನಿಸಿತು, ಹರಿದು ಹಾಕಿದೆ. ನಿನ್ನ ವಿಷಯದಲ್ಲಿ ನನಗೆ ಈಗ ಉಳಿದಿರುವುದು ಹೇಸಿಗೆ. ಅದನ್ನು ಮರೆಮಾಚಿ ಕ್ಷೇಮಸಮಾಚಾರ ಕೇಳುವ ವಿದ್ಯೆಯನ್ನು ನಾನು ಕಲಿತಿಲ್ಲ.

ವಿಷಯ ಇಷ್ಟು. ನಿನ್ನ ಮಗಳು ಚುಕ್ಕಿಗೆ ಶಸ್ತ್ರಚಿಕಿತ್ಸೆಯಾಗಿ ನಿನ್ನೆಗೆ ಹದಿಮೂರು ವಾರ ತುಂಬಿತು. ಇನ್ನು ನಿಂತು ದುಡಿಯಬಹುದೆಂದು ವೈದ್ಯೆ ಬರೆದುಕೊಟ್ಟಿದ್ದಾರೆ. ಬರುವ ಸೋಮವಾರ ಲಾಂಡ್ರಿಗೆ ಮರಳಿ, ಹನ್ನೊಂದು ವರ್ಷ ತಾನು ನಿಂತ ಕಲೆ ತೆಗೆಯುವ ಮೇಜಿನ ಮುಂದೆ ಮತ್ತೆ ನಿಲ್ಲಬೇಕೆಂಬುದು ಅವಳ ಆಸೆ. ನೀನು ವ್ಯಾನಿನ ಚಾಲಕನ ಬಾಯಲ್ಲಿ ಹೇಳಿ ಕಳಿಸಿದ ಮಾತು ನಮಗೆ ತಲುಪಿದೆ: “ಇನ್ನೂ ಸ್ವಲ್ಪ ದಿನ ಅಲ್ಲೇ ಇರ್ಲಿ, ಆ ಮೇಜಿಗೆ ಬೇರೆ ಯಾರನ್ನಾದ್ರೂ ನೋಡ್ತಿದೀನಿ.” ಆ ಮಾತನ್ನು ಕೇಳಿ ಚುಕ್ಕಿ, ಕೆಲಸಕ್ಕೆಂದು ಮಡಚಿ ಇಟ್ಟಿದ್ದ ರಬ್ಬರಿನ ಮೇಲಂಗಿಯನ್ನು ಬಿಡಿಸಿ, ಮತ್ತೆ ಮಡಚಿ, ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಳು. ಅದಕ್ಕಾಗಿ ಈ ಪತ್ರ. ನಿನ್ನ ಉತ್ತರ ಬರುವ ಮೊದಲು, ಯಾವುದಕ್ಕೆ ಉತ್ತರ ಕೊಡುತ್ತಿದ್ದೀಯೆಂಬುದು ನಿನಗೆ ಪೂರ್ತಿಯಾಗಿ ತಿಳಿದಿರಬೇಕು.

ಬಟ್ಟೆಯ ವಿಷಯದಲ್ಲಿ ನೀನು ಉದಾರಿಯೆಂದು ನಾನು ನಂಬಿದ್ದೆ. ಮಗನೆಂದು ಬೆಳೆದಿದ್ದ ಅವಳು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಷರಟನ್ನು ಬಿಟ್ಟು, ಮೊದಲ ಬಾರಿಗೆ ಹೆಣ್ಣುಡುಗೆಯಲ್ಲಿ ಮೆಟ್ಟಿಲಿಳಿದು ಅಂಗಡಿಗೆ ಬಂದ ಬೆಳಿಗ್ಗೆ, ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ, ನೀನು ಅಡಿಯಿಂದ ಮುಡಿಯವರೆಗೆ ನೋಡಿ, “ತೋಳು ಉದ್ದ ಆಯ್ತು, ಮಡಚ್ಕೋ, ಬ್ಲೀಚ್ ತಾಗತ್ತೆ” ಎಂದಷ್ಟೇ ಹೇಳಿದೆ. ಆ ಒಂದು ಮಾತಿಗಾಗಿ ನಾನು ನಾಲ್ಕು ವರ್ಷ ನಿನ್ನನ್ನು ಮೆಚ್ಚಿಕೊಂಡಿದ್ದೆ. ತಾಯಿಯಿಲ್ಲದ ಮಗುವಿಗೆ ತಂದೆ ಚೆನ್ನಾಗಿ ಒದಗಿದನೆಂದು ಅವರಿವರ ಮುಂದೆ ಹೊಗಳಿದ್ದೆ. ಈಗ ಯೋಚಿಸಿದರೆ, ನೀನು ಸಹಿಸಿಕೊಂಡದ್ದು ಉಡುಪನ್ನು ಮಾತ್ರ ಎಂದು ತೋರುತ್ತದೆ. ಉಡುಪಿನೊಳಗೆ ಒಂದು ದೇಹವಿದೆಯೆಂದೂ, ಆ ದೇಹಕ್ಕೊಂದು ಸಂಕಟವಿದೆಯೆಂದೂ ಅವಳು ಬಾಯಿಬಿಟ್ಟು ಹೇಳಿದ ದಿನ ನಿನ್ನ ಔದಾರ್ಯ ಮುಗಿದುಹೋಯಿತು. “ಕತ್ತರಿಸ್ಕೊಂಡು ಬರ್ತೀನಿ ಅಂದ್ರೆ ನಾನೇನು ಚಪ್ಪಾಳೆ ತಟ್ಲಾ?” ಎಂದು ಬಾಯ್ಲರಿನ ಮುಂದೆ ನಿಂತು, ಮೂವರು ಕೆಲಸಗಾರರಿಗೆ ಕೇಳುವಂತೆ ಕೂಗಿದೆ. ಅವರು ನಕ್ಕರು. ಅವರನ್ನು ನಗಿಸುವುದಕ್ಕಾಗಿಯೇ ಆ ಪದವನ್ನು ಆರಿಸಿಕೊಂಡೆಯೆಂಬುದು ನನಗೂ ತಿಳಿಯಿತು, ಅವಳಿಗೂ ತಿಳಿಯಿತು.

ಮೊದಲನೆಯದಾಗಿ, ಕತ್ತರಿಸಿ ಎಸೆಯುವ ಕೆಲಸವೇ ಅದಲ್ಲ. ವೈದ್ಯೆ ನನ್ನೆದುರಿಗೆ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಇರುವ ಚರ್ಮವನ್ನೇ ಜೋಪಾನವಾಗಿ ಬಿಡಿಸಿ, ಒಳಮಗ್ಗುಲಿಗೆ ತಿರುಗಿಸಿ, ಯೋನಿಯ ಒಳಪದರವಾಗಿ ಹೊಲಿಯುತ್ತಾರೆ. ಸ್ಪರ್ಶ ತಿಳಿಯುವ ನರವನ್ನು ಉಳಿಸಿಕೊಳ್ಳುತ್ತಾರೆ. ಮೂತ್ರದ ದಾರಿಯನ್ನು ಗಿಡ್ಡಗೊಳಿಸಿ ಹೊಸ ಕಡೆಗೆ ಕೂಡಿಸುತ್ತಾರೆ. ನಾಲ್ಕು ಬೆರಳಗಲದ ಜಾಗದಲ್ಲಿ ಆರು ಗಂಟೆಯ ಹೊಲಿಗೆ. ನೀನು ಒಂದು ಸಲವೂ ಬಂದು ಕೂತು ಆ ಚಿತ್ರವನ್ನು ನೋಡಲಿಲ್ಲ. ನೋಡದೆಯೇ ಅಸಹ್ಯಪಟ್ಟುಕೊಂಡೆ.

ಅಸಹ್ಯವೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಈ ಎರಡು ವರ್ಷಗಳಲ್ಲಿ ನಾನು ಪಟ್ಟಷ್ಟು ಅಸಹ್ಯವನ್ನು ನೀನು ನಿನ್ನ ಚರಂಡಿ ಶುದ್ಧಿಮಾಡುವಾಗಲೂ ಪಟ್ಟಿರಲಾರೆ. ಆ ಭಾಗದ ಒಂದೊಂದು ಕೂದಲಿನ ಬುಡಕ್ಕೂ ಸೂಜಿಯಿಳಿಸಿ ಸುಡಬೇಕಾಗಿತ್ತು. ಉಳಿದುಬಿಟ್ಟರೆ ಮುಂದೆ ಒಳಗೇ ಬೆಳೆಯುತ್ತದೆ. ಹದಿನಾಲ್ಕು ತಿಂಗಳು, ಪ್ರತಿ ಮಂಗಳವಾರ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಅವಳು ಹಲ್ಲುಕಚ್ಚಿ ಮಲಗುತ್ತಿದ್ದಳು. ಪರದೆಯ ಈಚೆಗೆ ಕುಳಿತ ನನ್ನ ಮೂಗಿಗೆ ಸುಟ್ಟ ಕೂದಲಿನ ನಾತ. ಮನೆಗೆ ಬಂದು ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಅದು ಬಿಡುತ್ತಿರಲಿಲ್ಲ.

ಆಮೇಲೆ ಇಬ್ಬರು ಮನೋವೈದ್ಯರ ಒಪ್ಪಿಗೆಯ ಪತ್ರ ಬೇಕೆಂದರು. ಮೊದಲನೆಯವರು ಸಭ್ಯರು. ಎರಡನೆಯಾತ ಮೇಜಿನ ಮೇಲೆ ಮುಂದಕ್ಕೆ ಬಾಗಿ, ತುಟಿ ಸವರಿಕೊಂಡು, ಅವಳು ಯಾರ ಜೊತೆ ಮಲಗುತ್ತಾಳೆ, ಹೇಗೆ ಮಲಗುತ್ತಾಳೆ, ಆಗ ಏನನಿಸುತ್ತದೆ ಎಂದು ಮುಕ್ಕಾಲು ಗಂಟೆ ಕೇಳಿದ. “ನಿಮ್ಮ ಮನೆಯವರನ್ನೂ ಕರೆಸಿ, ನಿಮ್ಮಿಬ್ಬರದನ್ನೂ ಸ್ವಲ್ಪ ಕೇಳೋಣ” ಎಂದುಬಿಟ್ಟೆ. ಚುಕ್ಕಿ ಮೇಜಿನ ಕೆಳಗೆ ನನ್ನ ಕಾಲನ್ನು ತುಳಿದಳು. ಹೊರಗೆ ಬಂದ ಮೇಲೆ, “ಅತ್ತೆ, ಇನ್ನು ಮೂರು ತಿಂಗಳು ಅವನ ಮುಂದೆ ನಿಮ್ಮ ಬಾಯಿಗೆ ಇಸ್ತ್ರಿ ಹಾಕ್ಸಿಡ್ತೀನಿ” ಎಂದು ಬೈದಳು. ಬೈಯುತ್ತ ಬೈಯುತ್ತ ಬಸ್ಸು ಬರುವವರೆಗೂ ನಕ್ಕಳು. ಪತ್ರ ನಾಲ್ಕು ತಿಂಗಳು ತಡವಾಗಿ ಬಂತು. ಆ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ.

ಶಸ್ತ್ರಚಿಕಿತ್ಸೆಗೆ ಮೂರು ವಾರವಿರುವಾಗ ಅವಳ ಹಾರ್ಮೋನು ಮಾತ್ರೆಗಳನ್ನು ನಿಲ್ಲಿಸಿದರು. ಬೆವರು, ತಲೆನೋವು, ಕಾರಣವಿಲ್ಲದ ಅಳು. ಹಿಂದಿನ ದಿನ ಕರುಳನ್ನು ಬರಿದು ಮಾಡಲು ಒಂದು ಉಪ್ಪುಪ್ಪು ದ್ರವವನ್ನು ಲೀಟರುಗಟ್ಟಲೆ ಕುಡಿಸಿದರು. ಹದಿನಾಲ್ಕು ಸಲ ಶೌಚಕ್ಕೆ ಹೋದಳು. ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಮೂಗಿಗೆ ಸೆರಗೊತ್ತಿ ಕುಳಿತಿದ್ದೆ. “ಅತ್ತೇ, ಹೋದ ಜನ್ಮದ ಊಟಾನೂ ಹೊರಗ್ ಬಂತು” ಎಂದು ಒಳಗಿನಿಂದ ಕೂಗಿದಳು. ಮರುದಿನ ಬೆಳಿಗ್ಗೆ ಅವಳನ್ನು ತಳ್ಳುಮಂಚದಲ್ಲಿ ಒಳಗೆ ಕರೆದೊಯ್ಯುವಾಗ ದಾದಿ, “ತಂದೆ ಬಂದಿದಾರಾ?” ಎಂದು ಕೇಳಿದರು. “ಅವರಿಗೆ ಅಂಗಡಿ ಇದೆ” ಎಂದು ಚುಕ್ಕಿಯೇ ಉತ್ತರ ಕೊಟ್ಟಳು.

ಆಸ್ಪತ್ರೆಯ ಎಂಟು ದಿನಗಳಲ್ಲಿ ಕಂಡ ಮನುಷ್ಯರ ವಿಷಯ ಬರೆಯಲು ಲೇಖನಿಯೂ ಹಿಂಜರಿಯುತ್ತದೆ. ಕಸಗುಡಿಸುವಾಕೆ ಎರಡನೆಯ ದಿನ ತನ್ನ ಇಬ್ಬರು ಗೆಳತಿಯರನ್ನು ಕರೆತಂದು, “ಆ ಕೇಸು ಇದೇ” ಎಂದು ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿದಳು. ನಾನು ಆ ಬೆರಳುಗಳ ಮೇಲೆ ನನ್ನ ಊರುಗೋಲಿನಿಂದ ಹೊಡೆದೆ. ನಮ್ಮ ತಂಗಿಯೂ ಬಂದಿದ್ದಳು, ಹಣ್ಣಿನ ಚೀಲ ಹಿಡಿದು. ಅವಳ ಕಣ್ಣು ನಮ್ಮ ಚುಕ್ಕಿ ಕೂಸಿನ ಮುಖದ ಮೇಲೆ ಒಂದು ಕ್ಷಣವೂ ನಿಲ್ಲಲಿಲ್ಲ. ಸೊಂಟದಿಂದ ಕೆಳಗೇ ನೆಟ್ಟಿತ್ತು. “ಎಲ್ಲಾ ಸರಿಯಾಗಿ ಕಾಣತ್ತೇನೇ? ನಿಜವಾದ್ದರ ಥರಾನೇ?” ಎಂದು ಪಿಸುಗುಟ್ಟಿದಳು. ಚುಕ್ಕಿಗೆ ಏಳಲೂ ಆಗದು, ಹೊರಳಲೂ ಆಗದು. ನಾಲಿಗೆ ಮಾತ್ರ ಸ್ವಸ್ಥವಾಗಿತ್ತು. “ನಿಮ್ಮದು ತೋರ್ಸಿ ಚಿಕ್ಕತ್ತೆ, ಪಕ್ಕದಲ್ಲಿಟ್ಟು ಹೇಳ್ತೀನಿ” ಎಂದಳು. ನಮ್ಮ ತಂಗಿ ಹಣ್ಣುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡು ಎದ್ದಳು. ಸುಲಿದಿಟ್ಟ ಕಿತ್ತಳೆಯೊಂದು ಮಾತ್ರ ಉಳಿಯಿತು. ಅದನ್ನು ನಾವಿಬ್ಬರೂ ಹಂಚಿಕೊಂಡು ತಿಂದೆವು.

ಆರನೆಯ ದಿನ ಗಾಯದ ಒಳಗೆ ತುಂಬಿದ್ದ ಬಟ್ಟೆಯನ್ನು ಹೊರತೆಗೆದರು. ಮೊಳ ಮೊಳವಾಗಿ ಬರುತ್ತಲೇ ಇತ್ತು: ಕಂದುಗಟ್ಟಿದ ರಕ್ತ, ಔಷಧ, ಆರು ದಿನದ ಶಾಖದಲ್ಲಿ ಹುಳಿತ ಕೀವುನೀರು. ಆ ವಾಸನೆಗೆ ನಮ್ಮ ಕಸುಬಿನಲ್ಲಿ ಹೋಲಿಕೆ ಸಿಗುವುದಿಲ್ಲ. ನಾನು ಹೊರಗೋಡಿ, ಮೊಗಸಾಲೆಯ ತೊಟ್ಟಿಯಲ್ಲಿ ವಾಂತಿ ಮಾಡಿಕೊಂಡು, ಬಾಯಿ ಮುಕ್ಕಳಿಸಿ ಒಳಗೆ ಬಂದೆ. ಮುಖ ಬಿಳಿಚಿಕೊಂಡು, ಬೆವರಿನಲ್ಲಿ ಮಿಂದಿದ್ದ ಅವಳು ನನ್ನನ್ನು ನೋಡಿ, “ಇಷ್ಟು ಗಬ್ಬುನಾತದ ಮಧ್ಯೆ ನಾನು ಸುಂದ್ರಿ ಆಗ್ತಿದೀನಿ ನೋಡಿ ಅತ್ತೆ” ಎಂದಳು. ಕನ್ನಡಿ ಕೇಳಿದಳು. ದಾದಿ ಹಿಡಿದರು. ಊದಿ, ನೀಲಿಗಟ್ಟಿ, ಹೊಲಿಗೆಯ ದಾರಗಳು ಚಾಚಿಕೊಂಡಿದ್ದ ಆ ಗಾಯವನ್ನು ಅವಳು ಬಹಳ ಹೊತ್ತು ನೋಡಿದಳು. ಅತ್ತಳು. ಅದು ಎಂಥ ಅಳುವೆಂದು ನಿನಗೆ ಬರೆದು ತಿಳಿಸಲಾರೆ. ನೀನು ಅಲ್ಲಿರಬೇಕಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಒಂಬತ್ತನೆಯ ದಿನ ನನ್ನ ಮನೆಗೆ ಬಂದೆವು. ನನ್ನಲ್ಲಿ ಒಗೆಯುವ ಯಂತ್ರವಿಲ್ಲವೆಂಬುದು ನಿನಗೆ ಗೊತ್ತು. ಲಾಂಡ್ರಿಯವರ ಮನೆಗೆ ಯಂತ್ರವೇಕೆಂದು ನಮ್ಮ ತಂದೆಯವರು ಹೇಳುತ್ತಿದ್ದುದನ್ನು ಇಬ್ಬರೂ ಇಂದಿಗೂ ಪಾಲಿಸುತ್ತಿದ್ದೇವೆ. ನಲವತ್ತು ವರ್ಷಗಳಿಂದ ಈ ಮನೆಯ ಬಟ್ಟೆ ಚೀಲದಲ್ಲಿ ಹೋಗಿ ಚೀಲದಲ್ಲಿ ಬರುತ್ತಿದೆ. ಹತ್ತನೆಯ ದಿನ, ಎರಡು ಹಾಸುಬಟ್ಟೆ, ಒಂದು ಹೊದಿಕೆ, ನಾಲ್ಕು ಟವೆಲ್ಲುಗಳನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಚೀಲಕ್ಕೆ ತುಂಬಿ, ವ್ಯಾನಿನ ಚಾಲಕನಿಗೆ ಕೊಟ್ಟೆ. ಸಂಜೆ ಆತ ಖಾಲಿ ಚೀಲದೊಡನೆ ಬಂದು ಬಾಗಿಲಲ್ಲೇ ನಿಂತ. ಅವನು ಹೇಳಿದ್ದನ್ನು ಅವನ ಮಾತಿನಲ್ಲಿಯೇ ಬರೆಯುತ್ತೇನೆ: “ಯಾರದು ಅಂತ ಕೇಳಿದ್ರಮ್ಮ. ಹೇಳ್ದೆ. ಕೋಲು ತಗೊಂಡು ಒಂದೊಂದೇ ಎತ್ತಿ ಬಾಯ್ಲರ್ ಒಲೆಗೆ ಹಾಕಿದ್ರು. ಆಮೇಲೆ ಕೋಲೂ ಹಾಕಿದ್ರು.”

ಕೋಲೂ ಹಾಕಿದೆ.

ಮೂರು ಆಸ್ಪತ್ರೆಗಳ ಬಟ್ಟೆ ಒಗೆದವನು ನೀನು. ಹೆರಿಗೆಯ ರಕ್ತ, ಮುದುಕರ ಮಲಮೂತ್ರ, ಸತ್ತವರ ಬಾಯಿಂದ ಸುರಿದದ್ದು, ಎಲ್ಲದರಲ್ಲಿಯೂ ಮೊಣಕೈವರೆಗೆ ಕೈಯಿಳಿಸಿದವನು. ಕೆಲಸಕ್ಕೆ ಹೊಸದಾಗಿ ಬಂದವರು ಮೂಗು ಹಿಡಿದರೆ, “ಇದು ಮನುಷ್ಯರ ಒಳಗಿಂದ ಬಂದಿದ್ದು ಕಣ್ರೋ, ನಿಮ್ಮೊಳಗೂ ಇದೇ ಇರೋದು” ಎಂದು ಗದರುತ್ತಿದ್ದವನು. ಇಡೀ ಊರಿನ ಹೊಲಸನ್ನು ಬರಿಗೈಯಲ್ಲಿ ಮುಟ್ಟಿದ ಆ ಕೈಗೆ ಹೆತ್ತ ಮಗಳ ರಕ್ತವನ್ನು ಮುಟ್ಟಲು ಕೋಲು ಬೇಕಾಯಿತೇ?

ಆ ಸುದ್ದಿ ಕೂಸಿನ ಕಿವಿಗೆ ಬಿತ್ತು. ಬಿದ್ದ ಮೇಲೆ ಏನಾಯಿತೆಂಬುದನ್ನು ಕೇಳು. ಯೋನಿ ಮುಚ್ಚಿಕೊಳ್ಳದಂತೆ ದಿನಕ್ಕೆ ಮೂರು ಸಲ, ಅರ್ಧರ್ಧ ಗಂಟೆ, ನುಣುಪಾದ ಕಡ್ಡಿಯೊಂದನ್ನು ಒಳಗಿಟ್ಟುಕೊಂಡು ಮಲಗಬೇಕು. ಅವಳು ಮಲಗುತ್ತಿದ್ದಳು, ನಾನು ಅಡುಗೆಮನೆಯ ಗಡಿಯಾರವನ್ನು ತಂದಿಟ್ಟು ಹೊತ್ತು ಹೇಳುತ್ತಿದ್ದೆ. ಅಡಿಯಲ್ಲಿ ಹಾಕಿದ ಬಟ್ಟೆ ಪ್ರತಿ ಸಲವೂ ಕೊಳೆಯಾಗುತ್ತದೆ. ಹನ್ನೊಂದನೆಯ ದಿನದಿಂದ ಕೊಳೆಬಟ್ಟೆಗಳು ನನ್ನ ಕೈಗೆ ಬರುವುದು ನಿಂತಿತು. “ಈಗ ಏನೂ ಆಗ್ತಿಲ್ಲ ಅತ್ತೆ, ಒಣಗಿದೆ” ಎಂದಳು. ನಾನು ನಂಬಿದೆ. ನಿಜ ಹೇಳಬೇಕೆಂದರೆ, ನಂಬುವುದು ನನಗೆ ಅನುಕೂಲವಾಗಿತ್ತು. ಹದಿನೈದನೆಯ ದಿನ ಮಧ್ಯಾಹ್ನ ಅವಳ ಹಲ್ಲುಗಳು ಕಟಕಟನೆ ಬಡಿದುಕೊಳ್ಳತೊಡಗಿದವು. ಹಣೆ ಮುಟ್ಟಿದರೆ ಇಸ್ತ್ರಿಪೆಟ್ಟಿಗೆ. ಹಾಸಿಗೆಯನ್ನು ಸರಿಪಡಿಸಲು ಬಾಗಿದಾಗ ಮಂಚದ ಕೆಳಗಿನಿಂದ ವಾಸನೆ ಹೊಡೆಯಿತು. ಪ್ಲಾಸ್ಟಿಕ್ ಚೀಲವೊಂದರಲ್ಲಿ ನಾಲ್ಕು ದಿನದ ಬಟ್ಟೆಗಳನ್ನು ಅಂಚಿಗೆ ಅಂಚು ಕೂಡಿಸಿ, ಗಿರಾಕಿಗೆ ಕೊಡುವಷ್ಟು ಅಚ್ಚುಕಟ್ಟಾಗಿ ಮಡಚಿ ತುಂಬಿದ್ದಳು.

ಬಟ್ಟೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿದೆ. ಮೊದಲನೆಯ ದಿನದ್ದು ತಿಳಿಹಳದಿ, ಸುತ್ತ ಕಂದು ಅಂಚು, ಅದು ಇರಬೇಕಾದದ್ದೇ. ಎರಡನೆಯದರಲ್ಲಿ ಹಳದಿ ಗಟ್ಟಿಯಾಗಿತ್ತು. ಮೂರನೆಯದರಲ್ಲಿ ಹಸಿರು. ನಾಲ್ಕನೆಯದು ಒಣಗಿ, ಗಂಜಿ ಹಾಕಿದ ಬಟ್ಟೆಯಂತೆ ನಿಂತುಕೊಳ್ಳುತ್ತಿತ್ತು. ಹಸಿರು ಕಲೆಯ ಅರ್ಥವೇನೆಂಬುದು ನಮ್ಮ ಲಾಂಡ್ರಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವಳು ಅವಳೇ. ಹನ್ನೊಂದು ವರ್ಷ ಕಲೆಗಳನ್ನು ಓದಿದವಳು ತನ್ನ ಕಲೆಯನ್ನು ಓದಿಯೂ ಮಡಚಿಟ್ಟಳು. ಆ ನಾಲ್ಕೂ ದಿನದ ಬಟ್ಟೆಗಳನ್ನು ಹಾಗೆಯೇ ಹೊತ್ತುಕೊಂಡು ಆಸ್ಪತ್ರೆಗೆ ಹೋದೆವು. ವೈದ್ಯೆ ಅವುಗಳನ್ನು ಬೆಳಕಿಗೆ ಹಿಡಿದು ನೋಡಿ, ಎರಡು ದಿನ ಮೊದಲೇ ಬರಬೇಕಾಗಿತ್ತೆಂದು ಗದರಿದರು. ಹೊಲಿಗೆ ಎರಡು ಕಡೆ ಬಿಚ್ಚಿಕೊಂಡಿತ್ತು. ಕೀವು ರಕ್ತಕ್ಕೆ ಸೇರುವುದರಲ್ಲಿತ್ತು. ಮತ್ತೆ ಒಂಬತ್ತು ದಿನ ಆಸ್ಪತ್ರೆ. ಆರು ವಾರಕ್ಕೆ ಮುಗಿಯಬೇಕಾದದ್ದು ಹದಿಮೂರು ವಾರವಾಯಿತು. ಏಕೆ ಬಚ್ಚಿಟ್ಟೆಯೆಂದು ಕೇಳಿದ್ದಕ್ಕೆ ಅವಳು ಗೋಡೆಯ ಕಡೆ ತಿರುಗಿ ಹೇಳಿದ್ದು: “ಗೊತ್ತಿತ್ತು ಅತ್ತೆ. ಇನ್ನೊಂದ್ ಸಲ ಯಾರಾದ್ರೂ ಮೂಗು ಮುಚ್ಕೊಳ್ಳೋದನ್ನ ನೋಡೋಕೆ ನನ್ ಕೈಲಾಗ್ತಿರ್ಲಿಲ್ಲ.”

ಆ ದಿನಗಳಲ್ಲೊಮ್ಮೆ, ಬಿಚ್ಚಿಕೊಂಡ ಗಾಯವನ್ನು ತೊಳೆಯಿಸಿಕೊಂಡು ಬಂದು, “ತಪ್ಪು ಮಾಡಿದ್ನಾ ಅತ್ತೆ?” ಎಂದು ಕೇಳಿದಳು. ತಾನೇ ಮುಂದುವರಿಸಿ, “ಆಪರೇಷನ್ ಅಲ್ಲ. ಅದನ್ನ ನಾಳೆ ಇನ್ನೊಂದ್ ಸಲ ಮಾಡ್ತೀನಿ ಅಂದ್ರೂ ಮಾಡಿಸ್ಕೋತೀನಿ. ಅಪ್ಪ ಬರ್ತಾರೆ ಅಂದ್ಕೊಂಡಿದ್ದು” ಎಂದಳು.

ಈಗ ಗಾಯ ಮಾಗಿದೆ. ಒಂದು ಕಡೆ ಗಂಟಾಗಿ ಬೆಳೆದ ಮಾಂಸವನ್ನು ಔಷಧ ಮುಟ್ಟಿಸಿ ಸುಟ್ಟಿದ್ದಾರೆ, ಅದೂ ಒಣಗಿದೆ. ಮೂತ್ರ ಇನ್ನೂ ಅಡ್ಡಾದಿಡ್ಡಿ ಚಿಮ್ಮುತ್ತದೆಯೆಂದು ದಿನವೂ ಅದಕ್ಕೆ ಬೈಯುತ್ತಾಳೆ. ಸರಿಹೋಗುವುದೆಂದು ವೈದ್ಯೆ ಹೇಳಿದ್ದಾರೆ. ಉಬ್ಬಿದ ರಬ್ಬರು ಬಳೆಯ ಮೇಲೆ ಕೂರುವುದು ತಪ್ಪಿದೆ. ಹೋದ ಭಾನುವಾರ, ಮರದ ಕುರ್ಚಿಯ ಮೇಲೆ, ಎಲ್ಲರಂತೆ ಕುಳಿತು, ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿಂದಳು. ಸ್ನಾನಕ್ಕೆ ಹೋದರೆ ಬೇಗ ಹೊರಗೆ ಬರುವುದಿಲ್ಲ, ಒಳಗೆ ಹಾಡಿಕೊಳ್ಳುತ್ತಾಳೆ. ಇಪ್ಪತ್ತೆಂಟು ವರ್ಷ ದೀಪ ಆರಿಸಿಕೊಂಡು ಸ್ನಾನ ಮಾಡುತ್ತಿದ್ದ ಕೂಸು ಅದು. ನಿನಗೆ ಗೊತ್ತಿತ್ತೇ? ನನಗೂ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅವಳನ್ನು ಕರೆದುಕೊಂಡು ನಾನೇ ಲಾಂಡ್ರಿಗೆ ಬರುತ್ತೇನೆ. ಬರಬಹುದೇ ಎಂದು ಕೇಳುತ್ತಿಲ್ಲ. ಅರ್ಧ ಲಾಂಡ್ರಿ ನನ್ನದೆಂಬುದನ್ನು ಈವರೆಗೆ ನಾನು ನಿನಗೆ ನೆನಪಿಸಿರಲಿಲ್ಲ, ಈಗ ನೆನಪಿಸುತ್ತಿದ್ದೇನೆ. ಆ ಮೇಜಿಗೆ ಬೇರೆಯವರನ್ನು ನೋಡಬೇಡ. ನಿನಗೆ ಉಳಿದಿರುವ ಆಯ್ಕೆ ಒಂದೇ. ಬಾಗಿಲಲ್ಲಿ ಎದುರುಗೊಂಡು ನಿಲ್ಲುತ್ತೀಯೋ, ಬಾಯ್ಲರಿನ ಹಿಂದೆ ಅಡಗುತ್ತೀಯೋ, ನೋಡಿಕೋ. ಅಡಗಿದರೆ, ನಮ್ಮ ತಂದೆಯವರ ಮಗನೆಂದು ಹೇಳಿಕೊಳ್ಳುವುದನ್ನು ನಾನಿರುವವರೆಗಾದರೂ ಬಿಡು.

ಇಂತು,
ನಿನ್ನ ಅಕ್ಕ

ಮರೆತದ್ದು: ಮರೆತದ್ದೆಂದು ಬರೆದೆ, ಬಿಟ್ಟದ್ದು ಎನ್ನಬೇಕು. ಲಕೋಟೆಗೆ ಹಾಕುವ ಮೊದಲು ಪತ್ರವನ್ನು ಚುಕ್ಕಿಗೆ ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, “ಚೆನ್ನಾಗ್ ಬರ್ದಿದೀರ ಅತ್ತೆ. ಒಂದು ಸಾಲು ಬಿಟ್ಟಿದೀರ” ಎಂದಳು. ಯಾವ ಸಾಲೆಂದು ಕೇಳುವ ಅಗತ್ಯ ನನಗಿರಲಿಲ್ಲ.

ನೀನು ಬಟ್ಟೆ ಸುಟ್ಟ ಸುದ್ದಿಯನ್ನು ಅವಳಿಗೆ ಹೇಳಿದವಳು ನಾನು. ಚಾಲಕ, “ಚುಕ್ಕಿ ಅಕ್ಕಂಗೆ ಹೇಳ್ಬೇಡೀಮ್ಮ” ಎಂದು ಕೈಮುಗಿದು ಹೋಗಿದ್ದ. ಅಂದು ಸಂಜೆ ಅವಳ ಮೈಯೊರಸುವಾಗ ನನಗೆ ತಡೆಯದೆ ಓಕರಿಕೆ ಬಂತು, ಮೂಗು ಮುಚ್ಚಿ ಮುಖ ತಿರುಗಿಸಿದೆ, ಅವಳು ನೋಡಿದಳು. ಆ ನೋಟದಿಂದ ತಪ್ಪಿಸಿಕೊಳ್ಳಲು ನನಗಿಂತ ಹೆಚ್ಚು ಹೇಸುವವನೊಬ್ಬ ಬೇಕಾಗಿದ್ದ. “ನಾನಾದ್ರೂ ಕೈಯಲ್ಲಿ ಮುಟ್ತಿದೀನಿ, ನಿಮ್ಮಪ್ಪ ಏನ್ ಮಾಡಿದಾನೆ ಕೇಳು” ಎಂದು ಆರಂಭಿಸಿ ಎಲ್ಲವನ್ನೂ ಹೇಳಿದೆ. ಕೋಲಿನ ವಿಷಯವನ್ನು ಎರಡು ಸಲ ಹೇಳಿದೆ. ಮರುದಿನದಿಂದ ಅವಳು ಬಟ್ಟೆ ಬಚ್ಚಿಟ್ಟದ್ದು ನಿನ್ನ ಕಣ್ಣಿನಿಂದಲ್ಲ, ನನ್ನ ಕಣ್ಣಿನಿಂದ; ನೀನು ಅಲ್ಲಿರಲಿಲ್ಲ.

ಇದನ್ನು ಬರೆಯದೆ ಪತ್ರವನ್ನು ಅಂಚೆಗೆ ಹಾಕಕೂಡದೆಂದು ಹಟ ಹಿಡಿದಿದ್ದಾಳೆ. “ಅಪ್ಪಂಗೆ ಅಪ್ಪನ ಪಾಲಿನ ತಪ್ಪಷ್ಟೇ ಕಳ್ಸಿ” ಎನ್ನುತ್ತಾಳೆ. ನನ್ನ ಪಾಲಿನದಕ್ಕೆ ಏನು ಮಾಡುತ್ತೀಯೆಂದು ಕೇಳಿದೆ. ಅವಳು ರಬ್ಬರಿನ ಮೇಲಂಗಿಯನ್ನು ಕಪಾಟಿನಿಂದ ತೆಗೆದು, ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದಳು. “ಸೋಮವಾರ ನನ್ ಜೊತೆ ನಿಧಾನಕ್ಕೆ ನಡೀರಿ ಅತ್ತೆ, ನಂಗೆ ಇನ್ನೂ ಬೇಗ ಬೇಗ ಹೆಜ್ಜೆ ಹಾಕೋಕಾಗಲ್ಲ” ಎಂದಳು.